ಜೀಗುಜ್ಜೆಯ ಹಳೇ ಲೆಕ್ಕ

1/10

ಮೊದಲ ಫೋಟೋ ನೋಡಿ. ಎಲೆಯ ಪಕ್ಕ ಇಟ್ಟಿರುವುದು ನಮ್ಮ ಮಾಮೂಲಿ 30 ಸೆಂ.ಮೀ. ಸ್ಕೇಲು. ಎಲೆ ಅದರ ಎರಡು ಪಟ್ಟಿಗೆ ಹತ್ತಿರ ಉಂಟು. ಬೆರಳು ಬಿಡಿಸಿದ ಅಂಗೈ ಹಾಗೆ ಅಲ್ಲಲ್ಲಿ ಸೀಳು, ಮೇಲುಗಡೆ ಎಣ್ಣೆ ಸವರಿದಂಥ ಹೊಳಪು. ಕರಾವಳಿಯವರಿಗೆ ಹೇಳುವುದೇ ಬೇಡ, ಇದು ಜೀಗುಜ್ಜೆ ಮರ. ಘಟ್ಟದ ಮೇಲಿನ ಫ್ರೆಂಡ್ಸ್‌ಗೆ ಹೇಳಬೇಕಾದ್ರೆ ದೀವಿಹಲಸು. ಪೋಡಿ ಮಾಡ್ತೇವೆ, ಸಾಂಬಾರಿಗೆ ಹಾಕ್ತೇವೆ, ಮಸಾಲೆ ಹಚ್ಚಿ ತವಾದಲ್ಲಿ ಕಾಯಿಸ್ತೇವೆ. ಅಷ್ಟೇ ಅಲ್ವಾ ಇದರ ಕತೆ?

ಅಲ್ಲ. ಇದೇ ಮರದ ಸಸಿಗಳಿಗಾಗಿ ಬ್ರಿಟಿಷ್ ಸರ್ಕಾರ ಎರಡು ಸಲ ಅರ್ಧ ಭೂಮಿ ದಾಟಿ ಹಡಗು ಕಳಿಸಿತ್ತು. ಮೊದಲ ಸಲ ಹಡಗಿನಲ್ಲೇ ದಂಗೆ ಆಯ್ತು. ಆ ದಂಗೆಯ ಮೇಲೆ ಪುಸ್ತಕ ಬಂತು, ಹಾಲಿವುಡ್ ಸಿನಿಮಾಗಳು ಬಂದವು. ಎಲ್ಲದರಲ್ಲೂ ಒಂದೇ ಜಗಳ: ಕ್ಯಾಪ್ಟನ್ ಸರಿಯಾ, ದಂಗೆ ಎದ್ದವನು ಸರಿಯಾ?

ನಾನು ಕೇಳಬೇಕು ಅಂತಿರುವ ಪ್ರಶ್ನೆ ಬೇರೆ. ಆ ಹಡಗಿನಲ್ಲಿ ಸಾವಿರ ಗಿಡ ಯಾಕಿದ್ದವು? ಅದರ ಕಾಯಿ ಯಾರು ತಿನ್ನಬೇಕಿತ್ತು? ತಿಂದರೆ ಲಾಭ ಯಾರಿಗೆ? ಬಿಕಾಂ ಓದುವವರಿಗೆ ಇದು ಹೇಳಿ ಮಾಡಿಸಿದ ಪ್ರಶ್ನೆ. ಹತ್ತು ಪೋಸ್ಟ್, ನಿಧಾನಕ್ಕೆ ಓದಿ. ಸೇವ್ ಮಾಡಿಟ್ಟು ಬಸ್ಸಲ್ಲಿ ಓದಿದ್ರೂ ಆದೀತು.

2/10

ಮೊದಲು ಹೆಸರು. ಕನ್ನಡದಲ್ಲಿ 'ದೀವಿ' ಅಂದ್ರೆ ದ್ವೀಪ. ದೀವಿಹಲಸು ಅಂದ್ರೆ ದ್ವೀಪದ ಹಲಸು. ತುಳುವಿನ 'ಗುಜ್ಜೆ' ಎಳೆ ಹಲಸು. ಕೊಂಕಣಿಯವರು ಜೀವ್ ಕಡ್ಗಿ ಅಂತಾರೆ, ಅಲ್ಲಿಯೂ 'ಕಡ್ಗಿ' ಅಂದ್ರೆ ಎಳೆ ಹಲಸೇ. ಮಲಯಾಳದಲ್ಲಿ ಶೀಮಚಕ್ಕ. ನಮ್ಮ ಸೀಮೆಎಣ್ಣೆ, ಸೀಮೆಬದನೆಯಲ್ಲಿ ಇರುವ 'ಸೀಮೆ'ಯೇ ಅದು, ಹೊರಗಿಂದ ಬಂದದ್ದು ಅಂತ ಅರ್ಥ. ಗಮನಿಸಿದ್ರಾ? ನಮ್ಮ ಭಾಷೆಗಳು ಇದಕ್ಕೆ ಹೆಸರಿಡುವಾಗಲೇ ಎರಡು ವಿಷಯ ಬರೆದಿಟ್ಟಿವೆ. ಒಂದು, ಇದು ಹಲಸಿನ ಸಂಬಂಧಿ. ಎರಡು, ಇದರ ಊರು ಇದಲ್ಲ, ಎಲ್ಲೋ ದೂರದ ದ್ವೀಪ.

ಎರಡೂ ನೂರಕ್ಕೆ ನೂರು ನಿಜ. ಹಲಸು, ಹೆಬ್ಬಲಸು, ದೀವಿಹಲಸು ಮೂರೂ ಆರ್ಟೋಕಾರ್ಪಸ್ ಎಂಬ ಒಂದೇ ಕುಲದ ಮರಗಳು. ಮೂರರಲ್ಲೂ ಕೈಗೆ ಅಂಟುವ ಆ ಬಿಳಿ ಮೇಣ ಉಂಟು. ಆದರೆ ಹಲಸು ಕಾಂಡದಲ್ಲೇ ಕಾಯಿ ಬಿಡ್ತದೆ, ದೀವಿಹಲಸು ಕೊಂಬೆಯ ತುದಿಯಲ್ಲಿ.

ಇನ್ನೊಂದು ದೊಡ್ಡ ವ್ಯತ್ಯಾಸ ಬೀಜದ್ದು. ಹಲಸಿನ ಹಣ್ಣು ಬಿಡಿಸಿದ್ರೆ ಬೇಳೆಯ ರಾಶಿ. ಜೀಗುಜ್ಜೆ ಹೆಚ್ಚಿದ್ರೆ ಬೀಜವೇ ಇಲ್ಲ, ಬರೀ ತಿರುಳು. ಹಾಗಾದ್ರೆ ಮರ ಹೊಸ ಜಾಗಕ್ಕೆ ಹೋಗುವುದು ಹೇಗೆ? ಗಾಳಿ ಒಯ್ಯುವುದಿಲ್ಲ, ಹಕ್ಕಿ ಒಯ್ಯುವುದಿಲ್ಲ, ಸಮುದ್ರದಲ್ಲಿ ತೆಂಗಿನಕಾಯಿ ಹಾಗೆ ತೇಲಿ ಹೋಗಿ ಮೊಳೆಯುವುದೂ ಇಲ್ಲ. ಬೇರಿನಿಂದ ಎದ್ದ ಮರಿಗಿಡವನ್ನು ಮಣ್ಣು ಸಮೇತ ಎತ್ತಿ, ನೀರು ಹಾಕುತ್ತಾ, ಯಾರಾದ್ರೂ ಒಬ್ಬ ಮನುಷ್ಯ ಹೊತ್ತುಕೊಂಡು ಹೋಗಬೇಕು. ಬೀಜವಿಲ್ಲದ ಪ್ರತಿ ಜೀಗುಜ್ಜೆ ಮರದ ಹಿಂದೆ, ಅದನ್ನು ಹೊತ್ತು ತಂದ ಒಂದು ಕೈ ಉಂಟು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

3/10

ಮೊದಲು ಹೊತ್ತವರು ಯಾರು?

ಇದರ ಕಾಡು ಮೂಲ ನ್ಯೂಗಿನಿ ಕಡೆಯ ಒಂದು ಮರ, ಆರ್ಟೋಕಾರ್ಪಸ್ ಕಮಾನ್ಸಿ. ಅದರಲ್ಲಿ ಬೀಜ ಜಾಸ್ತಿ, ತಿರುಳು ಕಡಿಮೆ. ಸುಮಾರು 3000 ವರ್ಷಗಳ ಹಿಂದೆ ಆ ಕಡೆಯಿಂದ ಪೂರ್ವಕ್ಕೆ, ಟೊಂಗಾ, ಸಮೋವಾ ದ್ವೀಪಗಳಿಗೆ ಜನ ದೋಣಿಯಲ್ಲಿ ಹೊರಟರು. ದಿಕ್ಸೂಚಿ ಇಲ್ಲ, ನಕ್ಷೆ ಇಲ್ಲ. ನಕ್ಷತ್ರ, ಅಲೆ, ಹಕ್ಕಿ ನೋಡಿ ದಾರಿ. ದೋಣಿಯಲ್ಲಿ ಹೆಂಡತಿ ಮಕ್ಕಳು, ಹಂದಿ ಕೋಳಿ, ಕೆಸುವಿನ ಗಡ್ಡೆ, ಜೊತೆಗೆ ಈ ಮರದ ಸಸಿಗಳು. ಒಂದು ದ್ವೀಪದಲ್ಲಿ ನೆಟ್ಟರು. ಅದರಲ್ಲಿ ಬೀಜ ಕಡಿಮೆ, ತಿರುಳು ಹೆಚ್ಚು ಇದ್ದ ಮರದ ಮರಿ ಆರಿಸಿದರು. ಮೊಮ್ಮಕ್ಕಳು ಅದನ್ನು ಮುಂದಿನ ದ್ವೀಪಕ್ಕೆ ಒಯ್ದರು. ಹೀಗೆ ಎಷ್ಟೋ ತಲೆಮಾರು. ಟಹೀಟಿ, ಹವಾಯಿ ತಲುಪುವಷ್ಟರಲ್ಲಿ ಬೀಜ ಪೂರ್ತಿ ಮಾಯ. ಅಮೆರಿಕದ ಸಸ್ಯವಿಜ್ಞಾನಿ ನೈರೀ ಜೆರೆಗಾ ಮತ್ತು ಸಂಗಡಿಗರು 2004ರಲ್ಲಿ ಡಿಎನ್‌ಎ ಪರೀಕ್ಷೆಯ ಮೂಲಕ ತೋರಿಸಿದ್ದೂ ಇದನ್ನೇ. ಮರದ ವಂಶದ ದಾರಿಯೂ ಮನುಷ್ಯರ ವಲಸೆಯ ದಾರಿಯೂ ಹೊಂದಿಕೊಳ್ತವೆ.

ಟಹೀಟಿಯವರಿಗೆ ಇದು 'ಉರು', ಹವಾಯಿಯವರಿಗೆ 'ಉಲು'. ಕಾಯಿಯನ್ನು ಕೆಂಡದಲ್ಲಿ ಸುಟ್ಟು ತಿಂದರು. ಕಾಂಡದಿಂದ ದೋಣಿ, ಒಳತೊಗಟೆಯಿಂದ ಬಟ್ಟೆ, ಮೇಣದಿಂದ ದೋಣಿಯ ಬಿರುಕಿಗೆ ಅಂಟು. ಸೀಸನ್‌ನಲ್ಲಿ ಉಳಿದ ಕಾಯಿಯನ್ನು ನೆಲದ ಗುಂಡಿಯಲ್ಲಿ ಎಲೆ ಹಾಸಿ ಮುಚ್ಚಿ ಹುಳಿ ಬರಿಸಿ, ಬರಗಾಲಕ್ಕೆ, ಚಂಡಮಾರುತದ ವರ್ಷಕ್ಕೆ ಇಟ್ಟುಕೊಂಡರು. ನಮ್ಮವರು ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿಡುವುದಿಲ್ವಾ, ಅದೇ ಬುದ್ಧಿ.

ಅಂದ್ರೆ ಇದು 'ಪ್ರಕೃತಿ ಕೊಟ್ಟ' ಮರ ಮಾತ್ರ ಅಲ್ಲ. ಸಾವಿರಾರು ವರ್ಷ ಆರಿಸಿ ಆರಿಸಿ ಮಾಡಿದ ಮರ. ಮಾಡಿದವರ ಹೆಸರು ಎಲ್ಲೂ ಬರೆದಿಲ್ಲ, ಅಷ್ಟೇ.

4/10

ಇನ್ನು ಯುರೋಪಿನವರು ನೋಡಿದ ಕತೆ.

ವಿಲಿಯಂ ಡ್ಯಾಂಪಿಯರ್ ಎಂಬ ಇಂಗ್ಲಿಷ್ ನಾವಿಕ 1686ರಲ್ಲಿ ಗುವಾಮ್ ದ್ವೀಪಕ್ಕೆ ಬಂದ. ಸುಟ್ಟ ಕಾಯಿಯ ಒಳಗೆ ಬಿಳಿ, ಮೆತ್ತಗೆ, ಬ್ರೆಡ್ ಹಾಗೆ. 1697ರ ತನ್ನ ಪುಸ್ತಕದಲ್ಲಿ ಅದನ್ನು ವರ್ಣಿಸಿದ. ಇಂಗ್ಲಿಷಿನ 'ಬ್ರೆಡ್‌ಫ್ರೂಟ್' ಹೆಸರು ಅಲ್ಲಿಂದ ಓಡಾಡಲು ಶುರು.

1769ರಲ್ಲಿ ಕ್ಯಾಪ್ಟನ್ ಕುಕ್‌ನ ಎಂಡೆವರ್ ಹಡಗು ಟಹೀಟಿಗೆ ಹೋಯಿತು. ಸೂರ್ಯನ ಮುಂದೆ ಶುಕ್ರಗ್ರಹ ಹಾದುಹೋಗುವುದನ್ನು ಅಳೆಯುವುದಕ್ಕೆ. ಅದರಲ್ಲಿ ಜೋಸೆಫ್ ಬ್ಯಾಂಕ್ಸ್ ಎಂಬ ಶ್ರೀಮಂತ ಯುವಕನೂ ಇದ್ದ, ಗಿಡಮರಗಳ ಹುಚ್ಚು. ಅಲ್ಲಿಯ ಜನ ಈ ಮರದಿಂದಾಗಿ ಬೆವರು ಸುರಿಸದೆ ಉಣ್ತಾರೆ, ಒಬ್ಬ ಮನುಷ್ಯ ಹತ್ತು ಮರ ನೆಟ್ಟರೆ ತನ್ನ ಪಾಲಿನ ಕೆಲಸ ಮುಗಿದಂತೆ, ಅಂತ ಅರ್ಥ ಬರುವ ಹಾಗೆ ಆ ಯಾತ್ರೆಯ ಬರಹಗಳಲ್ಲಿ ಉಂಟು.

ಈ ಮಾತು ಕೇಳಲು ಚಂದ. ಆದರೆ ಹಿಂದಿನ ಪೋಸ್ಟ್ ಓದಿದವರಿಗೆ ತಪ್ಪು ಎಲ್ಲಿ ಅಂತ ಗೊತ್ತಾಗ್ತದೆ. ನೂರಾರು ಕಿಲೋಮೀಟರ್ ಸಮುದ್ರ ದಾಟಿ ಸಸಿ ತಂದ ಕೆಲಸ, ತಳಿ ಆರಿಸಿದ ಕೆಲಸ, ಗುಂಡಿ ತೋಡಿ ಹುಳಿ ಬರಿಸಿದ ಕೆಲಸ, ಯಾವುದೂ ಬ್ಯಾಂಕ್ಸ್ ಕಣ್ಣಿಗೆ ಕೆಲಸ ಅಂತ ಕಾಣಲಿಲ್ಲ. ಅವನಿಗೆ ಕಂಡದ್ದು 'ದುಡಿಮೆ ಇಲ್ಲದ ಊಟ'. ಅಕೌಂಟ್ಸ್ ಭಾಷೆಯಲ್ಲಿ ಹೇಳಬೇಕಾದ್ರೆ, ಕೂಲಿ ಕಾಲಂ ಖಾಲಿ ಇರುವ ಒಂದು ಆಹಾರ.

ಈ ಸುದ್ದಿ ಕೇಳಿ ಕಿವಿ ನೆಟ್ಟಗಾದದ್ದು ಬೇರೆ ಒಂದು ಗುಂಪಿಗೆ, ಇನ್ನೊಂದು ಸಮುದ್ರದಲ್ಲಿ. ವೆಸ್ಟ್ ಇಂಡೀಸ್‌ನ ಕಬ್ಬಿನ ತೋಟದ ಮಾಲೀಕರಿಗೆ. 1772ರಲ್ಲೇ ವ್ಯಾಲೆಂಟೈನ್ ಮೋರಿಸ್ ಎಂಬವನು ಬ್ಯಾಂಕ್ಸ್‌ಗೆ ಪತ್ರ ಬರೆದು, ಆ ಮರವನ್ನು ನಮ್ಮ ದ್ವೀಪಗಳಿಗೆ ತರಿಸಬಹುದಾ ಅಂತ ಕೇಳಿದ.

5/10

ಯಾಕೆ ಕೇಳಿದ? ಈ ಪೋಸ್ಟ್ ಸ್ವಲ್ಪ ಗಟ್ಟಿ ಮನಸ್ಸು ಮಾಡಿ ಓದಿ.

ಜಮೈಕಾ ಆಗ ಬ್ರಿಟನ್ನಿನ ಅತಿ ಲಾಭದ ವಸಾಹತುಗಳಲ್ಲಿ ಒಂದು. ಮಾಲು ಸಕ್ಕರೆ. ದುಡಿಯುವವರು ಆಫ್ರಿಕಾದಿಂದ ಹಿಡಿದು ತಂದು ಗುಲಾಮರನ್ನಾಗಿ ಮಾಡಿದ ಜನ, 1780ರ ದಶಕದಲ್ಲಿ 2 ಲಕ್ಷಕ್ಕೂ ಹೆಚ್ಚು. ತೋಟದ ಆಸ್ತಿಪಟ್ಟಿಗಳಲ್ಲಿ ಎತ್ತು, ಹೇಸರಗತ್ತೆಗಳ ಜೊತೆಗೇ ಈ ಜನರ ಹೆಸರು, ಎದುರಿಗೆ ಪೌಂಡಿನಲ್ಲಿ ಬೆಲೆ. ಆಸ್ತಿ ಕಾಲಂನಲ್ಲಿ ಮನುಷ್ಯರು. ಅವರ ಊಟ ಖರ್ಚಿನ ಕಾಲಂನಲ್ಲಿ.

ಒಳ್ಳೆ ನೆಲವೆಲ್ಲ ಕಬ್ಬಿಗೆ. ಹಾಗಾಗಿ ಉಪ್ಪುಮೀನು, ಹಿಟ್ಟು, ಜೋಳ ಉತ್ತರ ಅಮೆರಿಕದಿಂದ ಬರಬೇಕಿತ್ತು. ಉಳಿದದ್ದನ್ನು ಗುಲಾಮಗಿರಿಯಲ್ಲಿದ್ದವರೇ, ಗುಡ್ಡದ ಬದಿಯ ತುಂಡು ನೆಲದಲ್ಲಿ, ಭಾನುವಾರಗಳಲ್ಲಿ ಬೆಳೆದುಕೊಳ್ಳಬೇಕು. ವಾರವಿಡೀ ಮಾಲೀಕನ ಕಬ್ಬು, ರಜೆ ದಿನ ಹೊಟ್ಟೆಯ ಗೆಣಸು.

1775ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾಯ್ತು, ಆಹಾರದ ಹಡಗು ನಿಂತಿತು. ಯುದ್ಧ ಮುಗಿದ ಮೇಲೂ, 1783ರಲ್ಲಿ, ಅಮೆರಿಕದ ಹಡಗುಗಳು ಈ ದ್ವೀಪಗಳಿಗೆ ಮಾಲು ತರಬಾರದು ಅಂತ ಬ್ರಿಟನ್ನೇ ತಡೆ ಹಾಕಿತು. 1780ರ ಅಕ್ಟೋಬರಿನಲ್ಲಿ ಭೀಕರ ಚಂಡಮಾರುತ, ಆಮೇಲಿನ ವರ್ಷಗಳಲ್ಲೂ ಮತ್ತೆ ಮತ್ತೆ. ಬಾಳೆ ನೆಲಕ್ಕೆ ಮಲಗಿತು. 1780ರಿಂದ 1787ರ ಒಳಗೆ ಹಸಿವಿನಿಂದ, ಹಸಿವು ತಂದ ಕಾಯಿಲೆಯಿಂದ ಸತ್ತ ಗುಲಾಮರು 15,000 ಅಂತ ಜಮೈಕಾದ ಶಾಸನಸಭೆಯ ಸಮಿತಿಯೇ ಅಂದಾಜು ಹಾಕಿತು.

ಅದಕ್ಕೆ ಪರಿಹಾರ ಅಂತ ಮಾಲೀಕರು ಏನು ಯೋಚಿಸಿದರು? ಕಬ್ಬು ಕಡಿಮೆ ಮಾಡಿ ನೆಲ ಬಿಟ್ಟುಕೊಡೋಣ ಅಂತಲಾ? ಬಂದರು ತೆರೆಯಲಿ ಅಂತ ಕೇಳಿದ್ದೂ ಉಂಟು. ಆದರೆ ಎಲ್ಲಕ್ಕಿಂತ ಅಗ್ಗದ ದಾರಿ ಇದು: ಅಗೆಯದೆ, ಬಿತ್ತದೆ, ಹತ್ತಾರು ವರ್ಷ ತಾನೇ ಊಟ ಕೊಡುವ ಮರ. ಒಂದು ಸಲ ನೆಟ್ಟರೆ ಊಟದ ಖರ್ಚೂ ಇಳೀತದೆ, ಊಟ ಬೆಳೆಯುವ ಹೊತ್ತೂ ಉಳೀತದೆ. ಉಳಿದ ಹೊತ್ತು ಮತ್ತೆ ಕಬ್ಬಿಗೆ. ನಮ್ಮ ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ಇದಕ್ಕೆ ಹೇಳುವುದು ವೆಚ್ಚ ಕಡಿತ. ಲೆಕ್ಕ ಸರಿಯಾಗಿಯೇ ಉಂಟು. ಲೆಕ್ಕ ಸರಿ ಇದ್ದದ್ದೇ ಇಲ್ಲಿ ಹೆದರಿಕೆ ಹುಟ್ಟಿಸುವ ಸಂಗತಿ.

6/10

1787ರ ಮೇ ತಿಂಗಳು. ಬ್ರಿಟಿಷ್ ನೌಕಾಪಡೆ 1,950 ಪೌಂಡ್ ಕೊಟ್ಟು ಬೆಥಿಯಾ ಎಂಬ ಸಣ್ಣ ಸರಕು ಹಡಗು ಕೊಂಡಿತು. ಹೊಸ ಹೆಸರು ಬೌಂಟಿ. ವಿಚಿತ್ರ ಅಂದ್ರೆ ಅದೇ ಮೇ ತಿಂಗಳಲ್ಲಿ ಅದೇ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಬೇಕು ಅಂತ ಒಂದು ಸಂಘವೂ ಹುಟ್ಟಿತು. ಒಂದೇ ಊರು, ಒಂದೇ ತಿಂಗಳು. ಒಂದು ಕಡೆ ಗುಲಾಮರನ್ನು ಬಿಡಿಸುವ ಯೋಚನೆ, ಇನ್ನೊಂದು ಕಡೆ ಅವರಿಗೆ ಅಗ್ಗದಲ್ಲಿ ಊಟ ಹಾಕುವ ಯೋಚನೆ.

ಹಡಗಿನ ಒಳಗೆ ಎಂತ ಮಾಡಿದರು ಗೊತ್ತುಂಟಾ? ಎಲ್ಲಕ್ಕಿಂತ ಒಳ್ಳೆಯ ಕೋಣೆ ಕ್ಯಾಪ್ಟನ್‌ನದ್ದಾಗಬೇಕಿತ್ತು. ಅದನ್ನು ನರ್ಸರಿ ಮಾಡಿದರು. 629 ಕುಂಡ ಕೂರಿಸಲು ಹಲಗೆಯಲ್ಲಿ ತೂತು, ಗಾಳಿಗೆ ಕಿಂಡಿ, ಗಿಡದಿಂದ ಸೋರಿದ ನೀರು ವ್ಯರ್ಥ ಆಗದ ಹಾಗೆ ನೆಲಕ್ಕೆ ಸೀಸದ ಹಾಳೆ. 46 ಮನುಷ್ಯರು ಉಳಿದ ಇಕ್ಕಟ್ಟಿನಲ್ಲಿ. ಕ್ಯಾಪ್ಟನ್ ವಿಲಿಯಂ ಬ್ಲೈ. ಗಿಡಗಳ ಉಸ್ತುವಾರಿ ಡೇವಿಡ್ ನೆಲ್ಸನ್, ಕುಕ್‌ನ ಕೊನೆಯ ಯಾತ್ರೆಯಲ್ಲೂ ಹೋಗಿದ್ದ ತೋಟಗಾರ.

1788ರ ಅಕ್ಟೋಬರ್ 26ಕ್ಕೆ ಟಹೀಟಿ. ಸಸಿಗಳನ್ನು ದುಡ್ಡು ಕೊಟ್ಟು ಕೊಂಡದ್ದಲ್ಲ. ಅಲ್ಲಿಯ ನಾಯಕ ಟೈನಾನಿಗೆ ಬ್ಲೈ ಉಡುಗೊರೆ ಕೊಟ್ಟ. ಜಾರ್ಜ್ ದೊರೆಗೆ ಪ್ರತಿಯಾಗಿ ನಾವು ಎಂತ ಕಳಿಸುವುದು ಎಂಬ ಮಾತು ಬಂದಾಗ, ದೀವಿಹಲಸಿನ ಹೆಸರು ಬರುವ ಹಾಗೆ ನೋಡಿಕೊಂಡ. ಈ ಗಿಡ ಹೋಗುವುದು ದೊರೆಯ ಅಂಗಳಕ್ಕಲ್ಲ, ಗುಲಾಮರ ತೋಟಕ್ಕೆ ಎಂಬುದು ಆ ಮಾತುಕತೆಯಲ್ಲಿ ಬರಲೇ ಇಲ್ಲ.

ಸಸಿ ಬೇರು ಹಿಡಿಯಬೇಕು, ಗಾಳಿ ತಿರುಗಬೇಕು. ಐದು ತಿಂಗಳು ಅಲ್ಲೇ ಉಳಿದರು. 1789ರ ಏಪ್ರಿಲ್ ಮೊದಲ ವಾರ 1,015 ಸಸಿ ಹತ್ತಿಸಿಕೊಂಡು ಹೊರಟರು. ಏಪ್ರಿಲ್ 28ರ ಬೆಳಗಿನ ಜಾವ ಫ್ಲೆಚರ್ ಕ್ರಿಶ್ಚಿಯನ್ ಮತ್ತು ಅವನ ಕಡೆಯವರು ಬ್ಲೈಯನ್ನು ಎಬ್ಬಿಸಿ ಕಟ್ಟಿದರು. ಅವನನ್ನೂ 18 ಜನರನ್ನೂ ಏಳು ಮೀಟರಿನ ತೆರೆದ ದೋಣಿಗೆ ಇಳಿಸಿದರು. ಸಸಿಗಳು ಸಮುದ್ರದ ಪಾಲು.

ಬ್ಲೈ ಆ ದೋಣಿಯಲ್ಲೇ 3,618 ನಾಟಿಕಲ್ ಮೈಲಿ ಸಾಗಿ ಟಿಮೋರ್ ದ್ವೀಪದ ಕುಪಾಂಗ್ ಮುಟ್ಟಿದ. ನೆಲ್ಸನ್ ಅಲ್ಲಿಯೇ ಜ್ವರದಿಂದ ಸತ್ತ. ಅವನ ಸಹಾಯಕ ವಿಲಿಯಂ ಬ್ರೌನ್, ಗಿಡ ಕಾಯಬೇಕಾದವನು, ದಂಗೆಯವರ ಜೊತೆ ಪಿಟ್ಕೇರ್ನ್ ದ್ವೀಪಕ್ಕೆ ಹೋಗಿದ್ದ. ಸಿನಿಮಾ ಇಲ್ಲಿಗೆ ಮುಗೀತದೆ. ಲೆಕ್ಕ ಮುಗಿಯುವುದಿಲ್ಲ.

7/10

ಯಾಕಂದ್ರೆ ಮಾಲೀಕರಿಗೆ ಮರ ಇನ್ನೂ ಬೇಕಿತ್ತು. ಬ್ಯಾಂಕ್ಸ್ ಈಗ ರಾಯಲ್ ಸೊಸೈಟಿಯ ಅಧ್ಯಕ್ಷ, ಅವನ ಮಾತಿಗೆ ತೂಕ ಉಂಟು. 1791ರ ಆಗಸ್ಟ್ 3ರಂದು ಬ್ಲೈ ಮತ್ತೆ ಹೊರಟ. ಈ ಸಲ ದೊಡ್ಡ ಹಡಗು ಪ್ರಾವಿಡೆನ್ಸ್, ಜೊತೆಗೆ ಅಸಿಸ್ಟೆಂಟ್ ಎಂಬ ಇನ್ನೊಂದು ಹಡಗು, ಕಾವಲಿಗೆ ಸೈನಿಕರು. ಅದೇ ಆಗಸ್ಟ್‌ನಲ್ಲಿ ಕೆರಿಬಿಯನ್ನಿನ ಫ್ರೆಂಚ್ ವಸಾಹತು ಸೇಂಟ್ ಡೊಮಿಂಗ್‌ನಲ್ಲಿ, ಇವತ್ತಿನ ಹೈಟಿಯಲ್ಲಿ, ಗುಲಾಮರು ಬಂಡೆದ್ದು ಕಬ್ಬಿನ ತೋಟಗಳಿಗೆ ಬೆಂಕಿ ಇಟ್ಟರು. ಪಕ್ಕದ ಜಮೈಕಾದ ಮಾಲೀಕರಿಗೆ ನಿದ್ದೆ ಬಂದಿರಲಿಕ್ಕಿಲ್ಲ.

1792ರ ಜುಲೈನಲ್ಲಿ ಟಹೀಟಿಯಿಂದ 2,126 ದೀವಿಹಲಸಿನ ಸಸಿಗಳೊಂದಿಗೆ ಪ್ರಾವಿಡೆನ್ಸ್ ಹೊರಟಿತು. ದಾರಿಯಲ್ಲಿ ನೀರಿಗೆ ತತ್ವಾರ. ಸಿಹಿನೀರು ಮೊದಲು ಗಿಡಕ್ಕೆ, ಆಮೇಲೆ ಮನುಷ್ಯರಿಗೆ. ಮುಂದೆ ಆಸ್ಟ್ರೇಲಿಯಾದ ಕರಾವಳಿ ಸುತ್ತಿ ನಕ್ಷೆ ಮಾಡಿ ಹೆಸರಾದ ಮ್ಯಾಥ್ಯೂ ಫ್ಲಿಂಡರ್ಸ್ ಆಗ ಇದೇ ಹಡಗಿನಲ್ಲಿ ಹದಿನೆಂಟರ ಹುಡುಗ. ಗಿಡಕ್ಕೆ ನೀರು ಹಾಕಿದ ಪಾತ್ರೆಯಿಂದ ಬಿದ್ದ ಹನಿಗಳನ್ನು ನೆಕ್ಕಿದ್ದನ್ನು ಅವನು ಮುಂದೆ ನೆನಪಿಸಿಕೊಂಡಿದ್ದಾನೆ. ನಮ್ಮ ವಯಸ್ಸಿನವನು.

ಅಷ್ಟಾದರೂ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಉಳಿದವು. 1793ರ ಜನವರಿ 23ಕ್ಕೆ ಸೇಂಟ್ ವಿನ್ಸೆಂಟ್, ಫೆಬ್ರವರಿಯಲ್ಲಿ ಜಮೈಕಾ. ಬ್ಲೈಗೆ ಜಮೈಕಾ ಶಾಸನಸಭೆಯಿಂದ 1,000 ಗಿನಿ (ಒಂದು ಗಿನಿ ಅಂದ್ರೆ 21 ಶಿಲ್ಲಿಂಗ್), ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್‌ನಿಂದ ಚಿನ್ನದ ಪದಕ.

ಆ ಹಡಗಿನಲ್ಲಿ ಇಬ್ಬರು ಟಹೀಟಿಯವರೂ ಬಂದಿದ್ದರು. ಮೈಟಿಟಿ ಎಂಬವನು ಇಂಗ್ಲೆಂಡ್ ನೋಡಲು ಹೊರಟವನು. ಪೌಪೋ ಎಂಬವನು ಯಾರಿಗೂ ಹೇಳದೆ ಹಡಗಿನಲ್ಲಿ ಅಡಗಿ ಬಂದವನು. ಮೈಟಿಟಿ ಇಂಗ್ಲೆಂಡಿನ ಡೆಪ್ಟ್‌ಫರ್ಡ್‌ನಲ್ಲಿ, ಪೌಪೋ ಸಸಿಗಳನ್ನು ನೋಡಿಕೊಳ್ಳಲು ಉಳಿದ ಜಮೈಕಾದಲ್ಲಿ, ಇಬ್ಬರೂ 1793 ಮುಗಿಯುವ ಮೊದಲೇ ತೀರಿಕೊಂಡರು. ಎರಡನೇ ಪೋಸ್ಟಲ್ಲಿ ಹೇಳಿದ್ದೆನಲ್ಲ, ಪ್ರತಿ ಮರದ ಹಿಂದೆ ಒಂದು ಕೈ ಉಂಟು ಅಂತ. ಪದಕದ ಪಟ್ಟಿಯಲ್ಲಿ ಈ ಕೈಗಳಿಲ್ಲ.

8/10

ಈಗ ಕ್ಲೈಮ್ಯಾಕ್ಸ್ ಅಂತ ನೀವು ಕಾಯ್ತಿರಬಹುದು. ಮರ ಬಂತು, ಬೆಳೆಯಿತು, ಕಾಯಿ ಬಿಟ್ಟಿತು. ಗುಲಾಮರ ಹೊಟ್ಟೆ ತುಂಬಿತಾ?

ಅವರು ತಿನ್ನಲಿಲ್ಲ.

ಯಾರಿಗಾಗಿ ಎರಡು ಯಾತ್ರೆ, ಆರು ವರ್ಷ, ಅಷ್ಟೆಲ್ಲ ಹಣ ಖರ್ಚಾಯಿತೋ ಅವರೇ ಬೇಡ ಅಂದರು. ಬಾಳೆಕಾಯಿ, ಗೆಣಸು ಇದಕ್ಕಿಂತ ಮೇಲು ಅಂತ. ವರ್ಷಗಟ್ಟಲೆ ದೀವಿಹಲಸಿನ ಕಾಯಿ ಹಂದಿಗಳ ಪಾಲಾಯಿತು.

ಮಾಲೀಕರು ಇದನ್ನು 'ರುಚಿ ಹಿಡಿಸಲಿಲ್ಲ' ಅಂತ ಬರೆದರು. ರುಚಿಯ ವಿಷಯವೂ ಇದ್ದೀತು. ಹೊಸ ತರಕಾರಿ ತಟ್ಟೆಗೆ ಬಂದ್ರೆ ನಮ್ಮ ಮನೆಗಳಲ್ಲೂ ಮುಖ ಸಿಂಡರಿಸುವವರು ಉಂಟು. ಆದರೆ ಆ ಗುಡ್ಡದ ತುಂಡು ನೆಲವನ್ನು ಸ್ವಲ್ಪ ಯೋಚಿಸಿ. ಗುಲಾಮಗಿರಿಯಲ್ಲಿದ್ದ ಒಬ್ಬ ಹೆಂಗಸಿಗೆ ವಾರದ ಏಳು ದಿನದಲ್ಲಿ ತನ್ನದು ಅಂತ ಇದ್ದದ್ದು ಆ ಒಂದು ದಿನ, ಆ ತುಂಡು ನೆಲ. ಅಲ್ಲಿ ಎಂತ ಬಿತ್ತಬೇಕು ಅಂತ ತೀರ್ಮಾನ ಅವಳದ್ದು. ತಿಂದು ಉಳಿದ ಗೆಣಸು, ಬಾಳೆ, ಕೋಳಿಯನ್ನು ಭಾನುವಾರದ ಸಂತೆಗೆ ಹೊತ್ತು ಮಾರಿದರೆ ನಾಲ್ಕು ಕಾಸು ಅವಳ ಕೈಯಲ್ಲಿ. ಆಸ್ತಿಪಟ್ಟಿಯಲ್ಲಿ ಅವಳೇ ಒಂದು ಸಾಮಾನು, ಆದರೆ ಸಂತೆಯಲ್ಲಿ ಅವಳು ವ್ಯಾಪಾರಿ.

ಮಾಲೀಕನ ಮರ ಬಂದು 'ಇನ್ನು ನೀನು ಬೆಳೆಯುವುದು ಬೇಡ, ಇದನ್ನು ತಿಂದು ಕಬ್ಬಿಗೆ ಹೋಗು' ಅಂದರೆ? ಅದು ಊಟ ಕೊಟ್ಟ ಹಾಗೆ ಕಾಣ್ತದೆ, ನಿಜಕ್ಕೂ ಕಿತ್ತುಕೊಳ್ಳುವುದು ಆ ಒಂದು ದಿನವನ್ನು. ನನ್ನ ಓದಿನಲ್ಲಿ ಅವರ 'ಬೇಡ' ಎಂಬ ಮಾತಿನಲ್ಲಿ ನಾಲಿಗೆಯಷ್ಟೇ ಲೆಕ್ಕವೂ ಇತ್ತು. ಮಾಲೀಕನಿಗೆ ಮಾತ್ರ ಲೆಕ್ಕ ಬರ್ತದೆ ಅಂತ ಯಾರು ಹೇಳಿದ್ದು?

9/10

ಗುಲಾಮರ ವ್ಯಾಪಾರವನ್ನು ಬ್ರಿಟನ್ 1807ರಲ್ಲಿ ನಿಷೇಧಿಸಿತು. ಗುಲಾಮಗಿರಿಯನ್ನೇ ರದ್ದು ಮಾಡುವ ಕಾಯ್ದೆ 1833ರಲ್ಲಿ, ಜಾರಿ 1834ರ ಆಗಸ್ಟ್ 1ರಿಂದ. ಹಾಗಂತ ಮರುದಿನವೇ ಬಿಡುಗಡೆ ಅಲ್ಲ. 'ಅಪ್ರೆಂಟಿಸ್' ಅಂತ ಹೊಸ ಹೆಸರು ಕೊಟ್ಟು ಇನ್ನೂ ನಾಲ್ಕು ವರ್ಷ ಅದೇ ಮಾಲೀಕನಿಗೆ ದುಡಿಸಿದರು. ಪೂರ್ತಿ ಬಿಡುಗಡೆ 1838ರ ಆಗಸ್ಟ್ 1.

ಈಗ ಪರಿಹಾರದ ಲೆಕ್ಕ ಕೇಳಿ. ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಆಗಿನ ಸರ್ಕಾರದ ಒಂದು ವರ್ಷದ ಖರ್ಚಿನಲ್ಲಿ ಸುಮಾರು 40% ಆಗುವಷ್ಟು ಹಣ. ಕೊಟ್ಟದ್ದು ಯಾರಿಗೆ? ಮಾಲೀಕರಿಗೆ. 'ಆಸ್ತಿ' ಕಳೆದುಕೊಂಡದ್ದಕ್ಕೆ. ಜೀವಮಾನವಿಡೀ ಕೂಲಿಯಿಲ್ಲದೆ ದುಡಿದವರಿಗೆ ಸಿಕ್ಕಿದ್ದು ಸೊನ್ನೆ. ಆ ಪರಿಹಾರಕ್ಕೆ ಮಾಡಿದ ಸಾಲ ಬೇರೆ ಬೇರೆ ಬಾಂಡುಗಳಾಗಿ ಮುಂದುವರಿದು, ಪೂರ್ತಿ ತೀರಿದ್ದು 2015ರಲ್ಲಿ. ಹೌದು, ನಾವು ಪ್ರೈಮರಿ ಶಾಲೆಯಲ್ಲಿದ್ದಾಗ. ಇತಿಹಾಸ ಅಂದ್ರೆ ಹಳೇದು ಅಂತ ಹೇಳುವವರಿಗೆ ಈ ಪೋಸ್ಟ್ ಶೇರ್ ಮಾಡಿ.

ಬಿಡುಗಡೆಯಾದ ಜನ ತೋಟ ಬಿಟ್ಟು ಗುಡ್ಡದ ಕಡೆ ಹೋದರು. ಜಮೈಕಾದಲ್ಲಿ 'ಸ್ವತಂತ್ರ ಹಳ್ಳಿ'ಗಳು ಹುಟ್ಟಿದವು. ಸಣ್ಣ ಜಾಗ, ಸಣ್ಣ ಮನೆ, ಮನೆಯ ಸುತ್ತ ಗಿಡಮರ. ಆ ಅಂಗಳಗಳಿಗೆ ಯಾವ ಮರ ಬಂತು? ಅದೇ ದೀವಿಹಲಸು. ಒಂದು ಕಾಲದಲ್ಲಿ ಹಂದಿಗೆ ಹಾಕಿದ ಕಾಯಿ 19ನೇ ಶತಮಾನ ಸಾಗಿದ ಹಾಗೆ ಮನೆಯ ಮುಖ್ಯ ಊಟ ಆಯಿತು.

ಮರ ಬದಲಾಗಿರಲಿಲ್ಲ. ರುಚಿಯೂ ಅದೇ. ಬದಲಾದದ್ದು ಮರ ಯಾರ ಅಂಗಳದಲ್ಲಿ ಉಂಟು ಎಂಬುದು. ಮಾಲೀಕನ ಲೆಕ್ಕದಲ್ಲಿ ಖರ್ಚು ಉಳಿಸುವ ಮರ, ಸ್ವಂತ ಅಂಗಳದಲ್ಲಿ ಮಕ್ಕಳ ಹೊಟ್ಟೆ ಕಾಯುವ ಮರ.

10/10

ಇವತ್ತು ಸೇಂಟ್ ವಿನ್ಸೆಂಟ್ ದೇಶದ ರಾಷ್ಟ್ರೀಯ ಅಡುಗೆ ಯಾವುದು ಗೊತ್ತುಂಟಾ? ಕೆಂಡದಲ್ಲಿ ಸುಟ್ಟ ದೀವಿಹಲಸು, ಜೊತೆಗೆ ಹುರಿದ ಮೀನು. ಕೇಳಿದ್ರೆ ನಮ್ಮ ಮಂಗಳೂರು ಕಡೆಯ ಊಟದ ಹಾಗೇ ಉಂಟು. ಅಲ್ಲಿಯ ಸಸ್ಯೋದ್ಯಾನ 1765ರದ್ದು. ಬ್ಲೈ ತಂದ ಗಿಡದ ಬೇರಿನಿಂದ ಎದ್ದ ಮರಿಯ ಮರಿಯೊಂದು ಈಗಲೂ ಅಲ್ಲಿ ಮರವಾಗಿ ನಿಂತಿದೆ ಅಂತ ತೋರಿಸ್ತಾರೆ. ಜಮೈಕಾದಲ್ಲಿ 'ಆಕಿ ಮತ್ತು ಉಪ್ಪುಮೀನು' ರಾಷ್ಟ್ರೀಯ ಅಡುಗೆ, ಪಕ್ಕದಲ್ಲಿ ಸುಟ್ಟ ದೀವಿಹಲಸು ಇದ್ದರೆ ಪರಿಪೂರ್ಣ. ಆ ಆಕಿ ಹಣ್ಣು ಪಶ್ಚಿಮ ಆಫ್ರಿಕಾದ್ದು. ಅದರ ವೈಜ್ಞಾನಿಕ ಹೆಸರು ಬ್ಲೈಯಾ ಸಪಿಡಾ, ಕ್ಯಾಪ್ಟನ್ ಬ್ಲೈ ನೆನಪಿಗೆ. ಉಪ್ಪುಮೀನು ಹಿಂದೆ ಗುಲಾಮರಿಗೆ ಕೊಡ್ತಿದ್ದ ಅಗ್ಗದ ಆಹಾರ. ಒಂದು ತಟ್ಟೆಯಲ್ಲಿ ಆಫ್ರಿಕಾ, ಉತ್ತರ ಅಮೆರಿಕ, ಟಹೀಟಿ. ಯಾವುದೂ ಆ ಜನ ಕೇಳಿ ತರಿಸಿಕೊಂಡದ್ದಲ್ಲ. ಆದರೆ ಅಡುಗೆ ಪೂರ್ತಿ ಅವರದ್ದು.

ಹವಾಯಿಯಲ್ಲಿ ಒಂದು ಬ್ರೆಡ್‌ಫ್ರೂಟ್ ಇನ್‌ಸ್ಟಿಟ್ಯೂಟ್ ಉಂಟು. ಮಾವಿ ದ್ವೀಪದ ಕಹಾನು ತೋಟದಲ್ಲಿ ಪೆಸಿಫಿಕ್‌ನ ಬೇರೆ ಬೇರೆ ದ್ವೀಪಗಳಿಂದ ತಂದ ಸುಮಾರು 150 ತಳಿ ಕಾಪಾಡಿಟ್ಟಿದ್ದಾರೆ. ಹಸಿವಿರುವ ದೇಶಗಳಿಗೆ ಇದು ಒಳ್ಳೆಯ ಬೆಳೆ ಅಂತ ಈಗ ಮತ್ತೆ ಮಾತು ನಡೀತಾ ಉಂಟು. ನಿಜವೂ ಹೌದು. ಒಂದು ಸಲ ನೆಟ್ಟರೆ ಹತ್ತಾರು ವರ್ಷ ಕಾಯಿ, ಖರ್ಚು ಕಡಿಮೆ. ಬ್ಯಾಂಕ್ಸ್ ಹೇಳಿದ ಗುಣ ಮರದಲ್ಲಿ ಇದ್ದೇ ಇತ್ತು. ಅವನು ಕೇಳದೆ ಬಿಟ್ಟ ಪ್ರಶ್ನೆ ಒಂದೇ: ತಿನ್ನುವವರನ್ನು ಯಾರಾದ್ರೂ ಕೇಳಿದ್ರಾ?

ಅಕೌಂಟ್ಸ್ ಪುಸ್ತಕದಲ್ಲಿ 'ಊಟದ ವೆಚ್ಚ', 'ಕೂಲಿ ವೆಚ್ಚ' ಅಂತ ಸಾಲು ಬಂದಾಗ ನಾವು ಅಂಕಿ ತುಂಬಿಸಿ ಮುಂದೆ ಹೋಗ್ತೇವೆ. ನಾಳೆ ನಮ್ಮಲ್ಲಿ ಎಷ್ಟೋ ಜನ ಆಫೀಸಿನಲ್ಲಿ ಕೂತು ಇದೇ ಸಾಲುಗಳನ್ನು ಬರೆಯುವವರು, ಎಲ್ಲಿ ಕಡಿತ ಮಾಡಬಹುದು ಅಂತ ಹೇಳುವವರು. ಬೌಂಟಿ ಹಡಗಿನ ಲೆಕ್ಕ ಬರೆದವರೂ ರಾಕ್ಷಸರೇನಲ್ಲ, ಕೂಡಿಸಿ ಕಳೆದು ಸರಿಯಾದ ಉತ್ತರ ತೆಗೆದವರೇ. ಆ ಸಾಲಿನ ಆಚೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೂ ಲೆಕ್ಕ ಬರ್ತದೆ ಎಂಬುದೊಂದು ತಲೆಯಲ್ಲಿದ್ರೆ ಸಾಕು.

ನಿಮ್ಮೂರಲ್ಲಿ ಈ ಮರಕ್ಕೆ ಎಂತ ಹೆಸರು? ಮನೆಯಲ್ಲಿ ಇದ್ರೆ ಆ ಸಸಿ ಯಾರ ಮನೆಯಿಂದ ಬಂದದ್ದು, ಯಾರು ಹೊತ್ತು ತಂದದ್ದು ಅಂತ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಕೇಳಿ ಕಮೆಂಟಲ್ಲಿ ಬರೀರಿ. ಬೀಜ ಇಲ್ಲದ ಮರ ಅಲ್ವಾ, ಯಾರೋ ಒಬ್ಬರು ತಂದಿರಲೇಬೇಕು.

#ಜೀಗುಜ್ಜೆ #ದೀವಿಹಲಸು #ಇತಿಹಾಸ #ಕನ್ನಡದಲ್ಲಿ_ಓದಿ